ನೀರು ಏರುವ ಮುನ್ನ ಬರೆದಿಡೋಣ

ಸಹೋದರಿಯರೇ, ಬಾಗಲಕೋಟೆ ಎಂದರೆ ಇಂದು ಒಂದೇ ಊರಲ್ಲ. ಘಟಪ್ರಭೆಯ ಬದಿಗೆ ಹಳೆ ಬಾಗಲಕೋಟೆ, ಆಚೆಗೆ ನವನಗರ, ನಡುವೆ ವಿದ್ಯಾಗಿರಿ. ಹೆಸರಿಗೆ ತಕ್ಕಂತೆ ವಿದ್ಯಾಗಿರಿ ಕಾಲೇಜುಗಳ ನೆಲೆ. 1963ರಲ್ಲಿ ಆರಂಭವಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಇಲ್ಲಿಯೇ ಇದೆ. ಬೆಳಿಗ್ಗೆ ರಸ್ತೆಯ ತುಂಬ ಪುಸ್ತಕ ಹಿಡಿದ ಮಕ್ಕಳು. ಆದರೆ ಇಲ್ಲಿನ ವಯಸ್ಸಾದ ತಾಯಂದಿರನ್ನು “ನಿಮ್ಮ ಮನೆ ಎಲ್ಲಿತ್ತಮ್ಮ?” ಎಂದು ಕೇಳಿ ನೋಡಿ. ಅನೇಕರ ಉತ್ತರ ಹಳೆ ಊರಿನ ಯಾವುದೋ ಓಣಿಯಿಂದ ಆರಂಭವಾಗುತ್ತದೆ.

ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಹಾಕಿದರು. ಮುಂದೆ ಅದರ ಹಿನ್ನೀರು ಹಳೆ ಊರಿನ ಬಹುಭಾಗಕ್ಕೆ ನುಗ್ಗಿತು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಹೊಸ ಬಡಾವಣೆಗಳಿಗೆ ಬಂದವು. ಪಾತ್ರೆ, ಹಾಸಿಗೆ, ಕಿಟಕಿ, ಬಾಗಿಲುಗಳನ್ನು ತರಬಹುದಿತ್ತು. ಓಣಿಯನ್ನು, ಬಾವಿಕಟ್ಟೆಯನ್ನು, ಹಿರಿಯರು ಮಲಗಿದ ಖಬರಸ್ತಾನವನ್ನು ತರಲಾದೀತೇ? ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ನೀರು ಏರಿದರೆ ಇನ್ನಷ್ಟು ನೆಲ ಮುಳುಗುತ್ತದೆ. ಅದರೊಂದಿಗೆ ಎಷ್ಟು ನೆನಪುಗಳು ಮುಳುಗಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಇಲ್ಲಿಂದ ಒಂದು ದಿನ ಬಿಡುವು ಮಾಡಿಕೊಂಡು ಹುನಗುಂದ ತಾಲೂಕಿನ ಐಹೊಳೆಗೆ ಹೋಗಿ ಬನ್ನಿ. ಅಲ್ಲಿನ ಮೇಗುಟಿ ಗುಡ್ಡದ ಮೇಲೆ ಇಮ್ಮಡಿ ಪುಲಕೇಶಿಯನ್ನು ಹೊಗಳಿ ರವಿಕೀರ್ತಿ ರಚಿಸಿದ ಶಾಸನವಿದೆ. ಅದು 634ರದು. ಗುಡ್ಡದ ಕೆಳಗೆ ಊರೊಳಗಿನ ಪ್ರಸಿದ್ಧ ಗುಡಿಯ ಹೆಸರೇನು ಗೊತ್ತೇ? ಲಾಡಖಾನ್ ಗುಡಿ! ಹಿಂದೆ ಅದರಲ್ಲಿ ವಾಸವಿದ್ದ ಲಾಡಖಾನ್ ಎಂಬ ಮುಸ್ಲಿಮನ ಹೆಸರು ಅದಕ್ಕೆ ಅಂಟಿಕೊಂಡಿದೆ. ಹತ್ತಿರದಲ್ಲೇ ಗೌಡರ ಗುಡಿ, ಅಂಬಿಗರ ಗುಡಿ. ರಾಜನ ಕೀರ್ತಿಯನ್ನು ಕಲ್ಲು ಉಳಿಸಿತು. ಲಾಡಖಾನನ ಹೆಸರನ್ನು ಉಳಿಸಿದ್ದು ನೆರೆಹೊರೆಯವರ ನಾಲಿಗೆ. ಇಂದು ಇತಿಹಾಸದ ಪುಸ್ತಕಗಳೂ ಅದೇ ಹೆಸರನ್ನು ಬಳಸುತ್ತವೆ.

ಜನ ಕೈಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಗದಗ ಜಿಲ್ಲೆಯ ಲಕ್ಕುಂಡಿಯನ್ನು ನೋಡಿ. 2024ರ ನವೆಂಬರಿನಲ್ಲಿ ಅಲ್ಲಿ ಪ್ರಾಚ್ಯ ವಸ್ತುಗಳನ್ನು ಹುಡುಕಿ ಸಂಗ್ರಹಿಸುವ ಅಭಿಯಾನ ನಡೆಯಿತು. ಮನೆಯಂಗಳ, ಹಿತ್ತಿಲು, ಓಣಿಗಳಲ್ಲಿ ಬಿದ್ದಿದ್ದ ಶಾಸನಗಳೂ ಶಿಲ್ಪಗಳೂ ಬೆಳಕಿಗೆ ಬಂದವು. ಪಂಡಿತರ ಕಣ್ಣಿಗೆ ಬೀಳದ್ದು ಮನೆಯವರಿಗೆ ಗೊತ್ತಿರುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಅಡಿಭಾಗದಲ್ಲಿ ಅಕ್ಷರಗಳಿವೆ ಎಂಬುದು ಅದನ್ನು ದಿನವೂ ಬಳಸುವ ಹೆಣ್ಣುಮಗಳಿಗಲ್ಲದೆ ಇನ್ನಾರಿಗೆ ತಿಳಿದೀತು?

ಹಾಗಾದರೆ ನೀವೇನು ಮಾಡಬಹುದು? ನಿಮ್ಮ ದಾದಿ, ನಾನಿ, ಅತ್ತೆಯರ ಬಳಿ ಒಂದು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ಹಳೆ ಓಣಿಯ ನಕ್ಷೆಯನ್ನು ಅವರಿಂದಲೇ ಬರೆಸಿ. ಮಸೀದಿ ಎಲ್ಲಿತ್ತು, ಪಕ್ಕದಲ್ಲಿ ಯಾರ ಮನೆ, ಸಿಹಿನೀರು ಯಾವ ಬಾವಿಯದು? ಹಳೆಯ ಖರೀದಿ ಪತ್ರ, ನಿಕಾಹ್‌ನಾಮೆಗಳ ಫೋಟೋ ತೆಗೆದಿಡಿ. ಇಳಕಲ್ ಸೀರೆ ನೇಯುವ ಮನೆಯಾದರೆ ಸೆರಗನ್ನು ಒಡಲಿಗೆ ಸೇರಿಸುವ ‘ಕೊಂಡಿ’ಯ ಕ್ರಮವನ್ನು ಕೇಳಿ ಬರೆದುಕೊಳ್ಳಿ. ದರ್ಗಾ, ಮಸೀದಿಗಳ ಗೋಡೆಯಲ್ಲಿ ಹಳೆಯ ಬರಹವಿದ್ದರೆ ಅದರ ಮೇಲೆ ಸುಣ್ಣ, ಬಣ್ಣ ಬಳಿಯದಂತೆ ಹಿರಿಯರಿಗೆ ವಿನಂತಿಸಿ. ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆದರೆ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ಪಾಯ ಅಗೆಯುವಾಗ ನಾಣ್ಯ, ಆಭರಣ ಸಿಕ್ಕರೆ ಬಚ್ಚಿಡಬೇಡಿ. 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಇದಕ್ಕೆ ದೊಡ್ಡ ಓದು ಬೇಕಿಲ್ಲ, ಹಣವೂ ಬೇಕಿಲ್ಲ. ಬೇಕಾದದ್ದು ಸ್ವಲ್ಪ ಸಮಯ, ಕೇಳುವ ತಾಳ್ಮೆ. ನೀರು ಇಂದಲ್ಲ ನಾಳೆ ಏರಬಹುದು. ಆದರೆ ಹಿರಿಯರ ಆಯುಷ್ಯ ಅಣೆಕಟ್ಟಿಗಾಗಿ ಕಾಯುವುದಿಲ್ಲ. ಈ ವಾರವೇ ಅವರ ಬಳಿ ಕುಳಿತುಕೊಳ್ಳುವಿರಲ್ಲವೇ?