ಆಕಾಶದಲ್ಲೊಂದು ಮರಮ್ಮತು

2021ರ ಜೂನ್ ತಿಂಗಳು. ಕೊರೋನಾದ ಎರಡನೆಯ ಅಲೆ ಇಳಿಯುತ್ತಿತ್ತು. ಲಾಕ್‌ಡೌನ್ ಸಡಿಲವಾಗುತ್ತಿದ್ದರೂ ಹೊಸಿಲು ದಾಟುವ ಧೈರ್ಯ ನಮಗಿರಲಿಲ್ಲ. ಅಸರ್ ನಮಾಜಿನ ನಂತರ ಅಬ್ಬಾಗೆ ಪತ್ರಿಕೆ ಓದಿ ಹೇಳುವುದು ನಮ್ಮ ಪಾಲಿಗೆ ಬಂದ ಕೆಲಸ. ಅವರ ಕಣ್ಣಿನ ಪೊರೆ ತೆಗೆಸುವುದು ಎರಡು ಸಲ ಮುಂದಕ್ಕೆ ಹೋಗಿತ್ತು. ಸಾವಿನ ಸುದ್ದಿಗಳನ್ನು ಹಾರಿಸಿ ಉಳಿದದ್ದನ್ನು ಹೆಕ್ಕಿ ಓದುತ್ತಿದ್ದೆವು. ಹಾಗೆ ಹೆಕ್ಕುವಾಗ ಸಿಕ್ಕಿದ್ದು ಹಬಲ್ ದೂರದರ್ಶಕದ ಸುದ್ದಿ. ಭೂಮಿಯ ಮೇಲೆ ಸುಮಾರು 540 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಅದರ ಕಂಪ್ಯೂಟರೊಂದು ಜೂನ್ 13ರಂದು ನಿಂತುಹೋಗಿದೆ, ಕ್ಯಾಮೆರಾಗಳೆಲ್ಲ ಕೆಲಸ ಬಿಟ್ಟು ಕೂತಿವೆ, ಕಾರಣ ಗೊತ್ತಾಗಿಲ್ಲ ಎಂದಿತ್ತು.

ಅಬ್ಬಾ ಕಣ್ಣು ಮುಚ್ಚಿಕೊಂಡೇ ಕೇಳಿದರು: "ಸಪ್ಲೈ ನೋಡಿದರಂತಾ?"

ನಮಗೆ ನಗು ಬಂತು. ಭದ್ರಾವತಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರೇಡಿಯೋ ರಿಪೇರಿ ಮಾಡಿದವರು ಅವರು. ಯಾವ ಸೆಟ್ಟು ಬಂದರೂ ಮೊದಲು ಕರೆಂಟು ಸರಿಯಾಗಿ ಬರುತ್ತಿದೆಯೇ ನೋಡು, ಆಮೇಲೆ ಉಳಿದದ್ದು ಎಂಬುದು ಅವರ ಉಸ್ತಾದರು ಹೇಳಿಕೊಟ್ಟ ಮೊದಲ ಪಾಠ. ಅದನ್ನು ಅವರು ರೇಡಿಯೋಗೆ ಮಾತ್ರ ಬಿಟ್ಟವರಲ್ಲ. ಫ್ರಿಜ್ ಕೆಟ್ಟರೂ ಸಪ್ಲೈ, ಮೊಮ್ಮಗ ಪರೀಕ್ಷೆಯಲ್ಲಿ ಫೇಲಾದರೂ ಸಪ್ಲೈ, ಪಕ್ಕದ ಮನೆಯ ಯಜಮಾನರು ಬೆಳಿಗ್ಗೆಯೇ ಜಗಳ ತೆಗೆದರೂ "ನಾಷ್ಟಾ ಆಗಿರಲಿಕ್ಕಿಲ್ಲ, ಸಪ್ಲೈ ಇಲ್ಲ" ಎನ್ನುವವರು. ಹತ್ತರಲ್ಲಿ ಆರು ಸಲ ಅವರ ಊಹೆ ತಪ್ಪಾಗುತ್ತಿತ್ತು ಎಂಬುದನ್ನೂ ಹೇಳಬೇಕು.

ಹಬಲ್ ನಮಗೆ ಹೊಸ ಹೆಸರಲ್ಲ. ಅದು 1990ರ ಏಪ್ರಿಲ್ 24ರಂದು ಡಿಸ್ಕವರಿ ನೌಕೆಯಲ್ಲಿ ಮೇಲೆ ಹೋಯಿತು. ಅದರ 2.4 ಮೀಟರ್ ಅಗಲದ ಕನ್ನಡಿಯ ಅಂಚನ್ನು ಕೂದಲೆಳೆಯ ಐವತ್ತನೆಯ ಒಂದು ಭಾಗದಷ್ಟು ಹೆಚ್ಚು ಉಜ್ಜಿಬಿಟ್ಟಿದ್ದರು ಎಂಬ ಕಥೆ ಆಗ ಜಗತ್ತಿಗೆಲ್ಲ ನಗೆಪಾಟಲಾಗಿತ್ತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಆ ದೋಷಕ್ಕೆ ಪರಿಹಾರದ ಕನ್ನಡಿಗಳನ್ನು ಕೂರಿಸಿದರು. ಬಿಳಿ ಉಡುಪಿನ ಒಬ್ಬಾತ ಯಂತ್ರದ ಮೈಗೆ ಜೋತುಬಿದ್ದ ಚಿತ್ರ ಪತ್ರಿಕೆಯಲ್ಲಿ ಬಂದಿತ್ತು. ಅಬ್ಬಾ ಅದನ್ನು ಕತ್ತರಿಸಿ ಅಂಗಡಿಯ ಗೋಡೆಗೆ, ಕಾಬಾದ ಕ್ಯಾಲೆಂಡರಿನ ಕೆಳಗೆ ಅಂಟಿಸಿದ್ದರು. "ಇವನೂ ಮೆಕ್ಯಾನಿಕ್ಕೇ" ಎಂದು ಗಿರಾಕಿಗಳಿಗೆ ತೋರಿಸುತ್ತಿದ್ದರು. ಆಗ ಉರ್ದು ಶಾಲೆ ಮುಗಿಸಿ ಕನ್ನಡ ಹೈಸ್ಕೂಲಿಗೆ ಹೊಸದಾಗಿ ಸೇರಿದ್ದ ನಮಗೆ ಅದೊಂದು ಮುಜುಗರ.

ಆ ಮಾತಿನಲ್ಲಿ ಎಷ್ಟು ಸತ್ಯವಿತ್ತೆಂದು ತಿಳಿದದ್ದು ಬಹಳ ತಡವಾಗಿ. ಹಬಲನ್ನು ಮನುಷ್ಯನ ಕೈ ತಲುಪಿ ದುರಸ್ತಿ ಮಾಡಲೆಂದೇ ಕಟ್ಟಿದ್ದರು. ಮೈತುಂಬ ಹಿಡಿಕಂಬಿಗಳು, ತೆರೆಯಬಹುದಾದ ಬಾಗಿಲುಗಳು, ಬಾಗಿಲ ಹಿಂದೆ ಕಳಚಿ ತೆಗೆಯಬಹುದಾದ ಪೆಟ್ಟಿಗೆಗಳು. ಅದರೊಳಗಿನ ಮುಖ್ಯ ಕಂಪ್ಯೂಟರುಗಳು ಎರಡು. ದೂರದರ್ಶಕವನ್ನು ತಿರುಗಿಸಿ ಗುರಿಯಿಡುವುದು ಒಂದು. ಕ್ಯಾಮೆರಾ ಮೊದಲಾದ ಉಪಕರಣಗಳ ಉಸ್ತುವಾರಿ ಇನ್ನೊಂದರದು. ಎರಡರದೂ 1970ರ ದಶಕದ ವಿನ್ಯಾಸ. ಮೇಲೆ ಹೋಗುವಾಗಲೇ ಅವು ಹಳತಾಗಿದ್ದವು.

ಮೊದಲನೆಯದಕ್ಕೆ 1993ರಲ್ಲಿಯೇ 386 ಜಾತಿಯ ಸಹಾಯಕನೊಂದನ್ನು ಜೋಡಿಸಿದ್ದರು. 1999ರ ಡಿಸೆಂಬರ್ 23ರಂದು ಮೈಕೆಲ್ ಫೋಲ್ ಮತ್ತು ಕ್ಲಾಡ್ ನಿಕೊಲಿಯೆ ಎಂಬಿಬ್ಬರು ನೌಕೆಯಿಂದ ಹೊರಬಂದು ಆ ಹಳೆಯ ಕಂಪ್ಯೂಟರನ್ನೇ ಬಿಚ್ಚಿ, 25 ಮೆಗಾಹರ್ಟ್ಸ್ ವೇಗದ 486 ಅನ್ನು ಕೂರಿಸಿದರು. ಅಷ್ಟರಲ್ಲಿ ಭೂಮಿಯ ಅಂಗಡಿಗಳಲ್ಲಿ ಪೆಂಟಿಯಂ ಬಂದು ವರ್ಷಗಳಾಗಿದ್ದವು. ನಮ್ಮ ಮೊದಲ ಕಥೆಯನ್ನು ಡಿಟಿಪಿ ಮಾಡಿಸಿದ ಅಂಗಡಿಯಲ್ಲಿಯೂ ಒಂದು 486 ಇತ್ತು. ಮಾಲೀಕ ಅದನ್ನು ಗುಜರಿಗೆ ಹಾಕುವ ಯೋಚನೆಯಲ್ಲಿದ್ದ. ಆದರೆ ಆಕಾಶದಲ್ಲಿ ಹೊಸತು ಎಂಬುದೇ ಒಂದು ಗುಣವಲ್ಲ. ಅಲ್ಲಿ ಕಣ್ಣಿಗೆ ಕಾಣದ ವಿಕಿರಣದ ಕಣಗಳು ಚಿಪ್ಪಿನೊಳಗೆ ನುಗ್ಗಿ ಸೊನ್ನೆಯನ್ನು ಒಂದು, ಒಂದನ್ನು ಸೊನ್ನೆ ಮಾಡಿಬಿಡುತ್ತವೆ. ಆ ಪೆಟ್ಟನ್ನು ತಾಳುತ್ತದೆಂದು ಪರೀಕ್ಷಿಸಿ ನೋಡಿದ್ದನ್ನೇ ಕಳಿಸಬೇಕು. ಹಾಗಾಗಿ ಗುಜರಿಯ ವಯಸ್ಸಿನ 486 ಹಬಲಿಗೆ ಹೊಸ ಮದುಮಗ. ಹಿಂದಿನದಕ್ಕಿಂತ ಅದು 20 ಪಟ್ಟು ಚುರುಕು, ಅದರ ನೆನಪಿನ ಜಾಗ ಆರು ಪಟ್ಟು ಹೆಚ್ಚು.

ಎರಡನೆಯ ಕಂಪ್ಯೂಟರಿನ ಕಥೆಯೇ ಬೇರೆ. ಅದಿದ್ದ ಪೆಟ್ಟಿಗೆಯಲ್ಲಿ ಎಲ್ಲವೂ ಜೋಡಿ. ಒಂದು ಬದಿ ಕೆಟ್ಟರೆ ಇನ್ನೊಂದು ಬದಿ. 2008ರ ಸೆಪ್ಟೆಂಬರ್ 27ರಂದು, ಕೊನೆಯ ದುರಸ್ತಿ ಯಾತ್ರೆಗೆ ಕೆಲವೇ ವಾರ ಇದ್ದಾಗ, ಒಂದು ಬದಿಯ ಭಾಗವೊಂದು ಸೋತಿತು. ಇನ್ನೊಂದು ಬದಿಗೆ ಬದಲಾಯಿಸಿ ಕೆಲಸ ಸಾಗಿಸಿದರೂ, ಕೊನೆಯ ಸಲ ಹೋಗುವವರು ಅರ್ಧ ಕೆಟ್ಟ ಪೆಟ್ಟಿಗೆಯನ್ನು ಬಿಟ್ಟು ಬರುವುದು ಹೇಗೆ? ಯಾತ್ರೆಯನ್ನೇ ತಿಂಗಳುಗಟ್ಟಲೆ ಮುಂದೂಡಿದರು. ಭೂಮಿಯ ಮೇಲೆ ಉಳಿದಿದ್ದ ಬಿಡಿ ಪೆಟ್ಟಿಗೆಯನ್ನು ಹೊರತೆಗೆದು ಪರೀಕ್ಷಿಸಿ ಸಜ್ಜುಮಾಡಿದರು. 2009ರ ಮೇ 14ರಂದು ಜಾನ್ ಗ್ರನ್ಸ್‌ಫೆಲ್ಡ್ ಮತ್ತು ಆಂಡ್ರ್ಯೂ ಫ್ಯೂಸ್ಟೆಲ್ ಅದನ್ನು ಕೂರಿಸಿದರು.

ಅದೇ ಯಾತ್ರೆಯ ಇನ್ನೊಂದು ದಿನದ ಕಥೆಯನ್ನು ಅಬ್ಬಾ ನಮ್ಮಿಂದ ಮೂರು ಸಲ ಓದಿಸಿದರು. ಬೆಳಕನ್ನು ಬಿಡಿಸಿ ನೋಡುವ ಉಪಕರಣವೊಂದು 2004ರಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ನಿಂತಿತ್ತು. ಇಡೀ ಉಪಕರಣವನ್ನು ಬದಲಿಸದೆ, ಒಳಗಿನ ಒಂದೇ ಒಂದು ಬೋರ್ಡು ಬದಲಿಸುವ ಯೋಜನೆ. ಅದರ ಮುಚ್ಚಳಕ್ಕೆ 100ಕ್ಕೂ ಹೆಚ್ಚು ಸಣ್ಣ ಸ್ಕ್ರೂಗಳು. ಒಂದು ಕೈತಪ್ಪಿ ತೇಲಿಹೋದರೂ ದೂರದರ್ಶಕದ ಹೊಟ್ಟೆಯೊಳಗೆ ಸೇರಿಕೊಳ್ಳಬಹುದು. ಅದಕ್ಕೆಂದೇ ಬಿಚ್ಚಿದ ಸ್ಕ್ರೂಗಳನ್ನೆಲ್ಲ ಹಿಡಿದಿಟ್ಟುಕೊಳ್ಳುವ ಪಾರದರ್ಶಕ ತಟ್ಟೆಯೊಂದನ್ನು ಮಾಡಿಕೊಂಡಿದ್ದರು. ಆ ಸ್ಕ್ರೂಗಳು ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟದ್ದು ಮುಚ್ಚಳಕ್ಕೆ ಅಡ್ಡವಾಗಿದ್ದ ಹಿಡಿಕಂಬಿಯ ಒಂದು ಬೋಲ್ಟು. ಅದರ ತಲೆ ಸವೆದು ಉಪಕರಣ ತಿರುಗಿದರೂ ಬೋಲ್ಟು ತಿರುಗಲೊಲ್ಲದು. ಭೂಮಿಯಲ್ಲಿದ್ದ ಎಂಜಿನಿಯರುಗಳು ಅಂಥದೇ ಕಂಬಿಯನ್ನು ಎಳೆದು ನೋಡಿ, ಎಷ್ಟು ಬಲಕ್ಕೆ ಮುರಿಯುತ್ತದೆಂದು ಲೆಕ್ಕ ಹಾಕಿ ಹೇಳಿದರು. ಮೈಕ್ ಮಾಸಿಮಿನೊ ಎಂಬಾತ ಕೈಯಿಂದಲೇ ಅದನ್ನು ಕಿತ್ತುಹಾಕಿದ. ಕೋಟಿಗಟ್ಟಲೆ ಡಾಲರಿನ ಯಂತ್ರ, ಕೊನೆಗೆ ರಟ್ಟೆಬಲ! ಅಬ್ಬಾ ತೊಡೆ ತಟ್ಟಿಕೊಂಡು ನಕ್ಕರು. ಅಮ್ಮಿ ತೀರಿಕೊಂಡ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು.

2011ರ ಜುಲೈಯಲ್ಲಿ ಅಮೆರಿಕದ ಆ ನೌಕೆಗಳ ಹಾರಾಟವೇ ಮುಗಿಯಿತು. ಹೀಗಾಗಿ 2021ರಲ್ಲಿ ಹಬಲಿನ ಹತ್ತಿರ ಹೋಗುವ ಕೈಗಳಿರಲಿಲ್ಲ. ಮಾಡುವುದನ್ನೆಲ್ಲ ನೆಲದ ಮೇಲಿಂದ ಆಜ್ಞೆ ಕಳಿಸಿಯೇ ಮಾಡಬೇಕು. ಮೊದಲು ನೆನಪಿನ ಘಟಕದ ಮೇಲೆ ಗುಮಾನಿಪಟ್ಟರು. ಅದನ್ನು ಬಿಟ್ಟು ಬದಲಿ ಘಟಕಕ್ಕೆ ಹೋಗಲು ನೋಡಿದರು, ಆಗಲಿಲ್ಲ. ಮತ್ತೆ, 2009ರಲ್ಲಿ ಕೂರಿಸಿದ ಮೇಲೆ ಒಮ್ಮೆಯೂ ಚಾಲೂ ಮಾಡದ ಬದಲಿ ಕಂಪ್ಯೂಟರನ್ನೇ ಎಬ್ಬಿಸಿದರು. ಅದೂ ಅದೇ ತಪ್ಪುಗಳನ್ನು ತೋರಿಸಿತು.

"ಎರಡು ಸೆಟ್ಟೂ ಒಂದೇ ಥರ ಗೊರಗೊರ ಅಂದರೆ ತಪ್ಪು ಸೆಟ್ಟಿನದಲ್ಲ, ಗೋಡೆಯದು" ಎಂದರು ಅಬ್ಬಾ.

ಗೋಡೆಯದೇ ಆಗಿತ್ತು. ಆ ಕಂಪ್ಯೂಟರಿಗೆ ಒಂದೇ ಸಮನಾಗಿ ಐದು ವೋಲ್ಟ್ ಕೊಡುವ ಘಟಕವೊಂದಿದೆ. ವೋಲ್ಟೇಜು ಹೆಚ್ಚುಕಡಿಮೆಯಾದರೆ ಕೆಲಸ ನಿಲ್ಲಿಸುವಂತೆ ಹೇಳಲು ಅದರಲ್ಲೊಂದು ಕಾವಲು ಸರ್ಕ್ಯೂಟು. ವೋಲ್ಟೇಜೇ ತಪ್ಪಿದೆಯೋ, ಇಲ್ಲ ಕಾವಲುಗಾರನೇ ಮುದಿಯಾಗಿ ಸುಮ್ಮಸುಮ್ಮನೆ ತಡೆಯುತ್ತಿದ್ದಾನೋ, ಎರಡರಲ್ಲೊಂದು ಎಂಬ ತೀರ್ಮಾನಕ್ಕೆ ಬಂದರು. ಅಷ್ಟಾಗಲು ಒಂದು ತಿಂಗಳು ಹಿಡಿಯಿತು. ಜುಲೈ 15ರಂದು ಪೆಟ್ಟಿಗೆಯ ಇನ್ನೊಂದು ಬದಿಗೆ ಬದಲಾಯಿಸತೊಡಗಿದರು. ಜುಲೈ 17ಕ್ಕೆ, ನಮ್ಮ ಬಕ್ರೀದಿಗೆ ನಾಲ್ಕು ದಿನ ಮೊದಲು, ಹಬಲ್ ಮತ್ತೆ ನೋಡಲು ಶುರುಮಾಡಿತು.

"ನೀವು ಮೊದಲ ದಿನವೇ ಹೇಳಿದ್ದಿರಲ್ಲ" ಎಂದು ನಾವು ಹೊಗಳಿದರೆ ಅಬ್ಬಾಗೆ ಸಿಟ್ಟು ಬಂತು. "ಬಾಯಲ್ಲಿ ಹೇಳುವುದು ರಿಪೇರಿ ಅಲ್ಲ ಬೇಟಾ. ನಾನಾದರೆ ಮೀಟರ್ ಇಟ್ಟು ನೋಡುತ್ತಿದ್ದೆ. 540 ಕಿಲೋಮೀಟರ್ ಉದ್ದದ ಮೀಟರ್ ವಾಯರು ಅವರ ಹತ್ತಿರ ಎಲ್ಲಿದೆ? ಒಂದನ್ನು ಬದಲಿಸಲು ಹೋಗಿ ಇನ್ನೊಂದು ಸುಟ್ಟರೆ?"

ಆ ಸುದ್ದಿಯಲ್ಲಿ ಇನ್ನೊಂದು ಮಾತಿತ್ತು. ಹಬಲಿನ ಕೆಲಸ ಬಿಟ್ಟುಹೋದವರನ್ನು, ನಿವೃತ್ತರನ್ನು, ಆ ಪೆಟ್ಟಿಗೆ ಕಟ್ಟುವಾಗ ಇದ್ದವರನ್ನು ನಾಸಾ ಸಹಾಯಕ್ಕೆ ಕರೆದಿತ್ತು, ಅವರು ಬಂದಿದ್ದರು. ಮೂವತ್ತು ನಲವತ್ತು ವರ್ಷ ಹಿಂದಿನ ಕಾಗದಪತ್ರಗಳನ್ನು ಹುಡುಕಿ ತೆಗೆದು ಓದಿದ್ದರು. ಅದನ್ನು ಓದಿದಾಗ ಅಬ್ಬಾ ಏನೂ ಹೇಳಲಿಲ್ಲ. ತುಸು ಹೊತ್ತಿನ ಮೇಲೆ, "ಕಾಗದಗಳನ್ನು ಇಟ್ಟುಕೊಂಡಿದ್ದರಾ?" ಎಂದಷ್ಟೇ ಕೇಳಿದರು.

ನಮಗೆ ತಲೆ ಎತ್ತಲಾಗಲಿಲ್ಲ. 2004ರಲ್ಲಿ ಅಂಗಡಿ ಬಿಟ್ಟುಕೊಟ್ಟಾಗ ಎರಡು ಟ್ರಂಕು ಸಾಮಾನು ಮನೆಗೆ ಬಂದಿತ್ತು. ಒಂದರಲ್ಲಿ ವಾಲ್ವುಗಳು, ಕಾಯಿಲುಗಳು. ಇನ್ನೊಂದರ ತುಂಬ ಅವರು ಬರೆದಿಟ್ಟ ನೋಟುಪುಸ್ತಕಗಳು. ಮನೆಗೆ ಸುಣ್ಣ ಹೊಡೆಸುವಾಗ, ಜಾಗವಿಲ್ಲವೆಂದು ಅದರಲ್ಲಿ ಮುಕ್ಕಾಲು ಪಾಲನ್ನು ಹಳೆಯ ಪತ್ರಿಕೆಗಳ ಜೊತೆ ತೂಕಕ್ಕೆ ಹಾಕಿದವರು ನಾವೇ. ಅವರು ಜುಮಾಕ್ಕೆ ಹೋಗಿದ್ದರು. ಬಂದು ಖಾಲಿ ಟ್ರಂಕು ನೋಡಿ, ಎಷ್ಟು ಕೊಟ್ಟ ಎಂದೂ ಕೇಳಲಿಲ್ಲ. ಅಂಗಡಿಯ ಹೊಗೆ ನಿನಗೆ ಬೇಡ, ಓದು ಎಂದು ನಮ್ಮನ್ನು ಶಾಲೆಗೆ ಅಟ್ಟಿದವರು ಅವರೇ, ನಿಜ. ಆದರೆ ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ 'ವ್ಯಾಪಾರ' ಎಂದು ಬರೆದದ್ದಕ್ಕೆ ಅವರ ಅಪ್ಪಣೆ ಇರಲಿಲ್ಲ. ಅಷ್ಟೆಲ್ಲ ಕಥೆ ಬರೆದಿದ್ದೇವೆ. ಅವರ ಕೆಲಸದ ಬಗ್ಗೆ ಒಂದೂ ಇಲ್ಲ.

ಉಳಿದಿದ್ದದ್ದು ಮೂರು ಪುಸ್ತಕ. ಅಂದು ರಾತ್ರಿ ಅಟ್ಟದಿಂದ ಇಳಿಸಿದೆವು. ಬರಹವೆಲ್ಲ ಉರ್ದು, ಮನೆಯಲ್ಲಿ ಈಗ ಅದನ್ನು ಓದಬಲ್ಲವರು ನಾವೊಬ್ಬರೇ. ಸೆಟ್ಟಿನ ಹೆಸರು, ತಂದವರ ಊರು, ರೋಗ, ಔಷಧಿ ಎಂದು ಹಕೀಮರ ನುಸ್ಖೆಯ ಹಾಗೆ ಬರೆದಿದ್ದಾರೆ. ಪಕ್ಕದಲ್ಲಿ ಪೆನ್ಸಿಲಿನ ಸರ್ಕ್ಯೂಟು. ಓದುತ್ತ ಹೋದಂತೆ ಒಂದು ಮಾತು ಮತ್ತೆ ಮತ್ತೆ ಎದುರಾಯಿತು: 'ಯಹಾಂ ಹಮೇಶಾ ವಾಲಾ'. ಇಲ್ಲಿ ಯಾವಾಗಲೂ ಹಾಕುವುದನ್ನೇ ಹಾಕು ಎಂದರ್ಥ. ಯಾವಾಗಲೂ ಹಾಕುವುದು ಯಾವುದು ಎಂದು ಮೂರು ಪುಸ್ತಕದಲ್ಲಿ ಎಲ್ಲಿಯೂ ಬರೆದಿಲ್ಲ. ನಾಸಾದವರು ಕಾಗದವನ್ನಷ್ಟೇ ಹುಡುಕದೆ ಮುದುಕರನ್ನೂ ಕರೆದದ್ದು ಏಕೆಂದು ಆಗ ಅರ್ಥವಾಯಿತು.

ಹಬಲ್ ಈಗ ಇನ್ನಷ್ಟು ಮುದಿಯಾಗಿದೆ. ದಿಕ್ಕು ಹಿಡಿದಿಡುವ ಗೈರೋಸ್ಕೋಪುಗಳು ಸೋಲುತ್ತ ಬಂದು, 2024ರ ಜೂನಿನಿಂದ ಒಂದನ್ನೇ ನೆಚ್ಚಿ ಅದನ್ನು ನಡೆಸುತ್ತಿದ್ದಾರೆ. ಅಬ್ಬಾರ ಕಣ್ಣಿನ ಪೊರೆ ತೆಗೆಸಿಯಾಯಿತು. ಆದರೆ ಮೊಮ್ಮಕ್ಕಳ ಹೆಸರು ಅದಲುಬದಲಾಗುತ್ತಿದೆ. ಮಗ್ರಿಬ್ ಆಯಿತೇ ಎಂದು ಒಂದೇ ಸಂಜೆ ಎರಡು ಸಲ ಕೇಳುತ್ತಾರೆ. ನಾವು ಮೂರು ಪುಸ್ತಕಗಳನ್ನು ಕನ್ನಡಕ್ಕೆ ಇಳಿಸುತ್ತಿದ್ದೇವೆ. ಯಾರು ಓದುತ್ತಾರೆ ಎಂದು ಕೇಳಿದರೆ ಉತ್ತರವಿಲ್ಲ. ಮೊನ್ನೆ ಪುಸ್ತಕ ಹಿಡಿದು ಅವರ ಮಂಚದ ಬಳಿ ಕೂತು, "ಅಬ್ಬಾ, ಈ ಹಮೇಶಾ ವಾಲಾ ಅಂದರೆ ಯಾವುದು?" ಎಂದು ಕೇಳಿದೆವು.

ಅವರು ಕನ್ನಡಕ ಏರಿಸಿ ಪುಟವನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿನಿಂದ ಆ ಜಾಗವನ್ನು ಸವರಿ, "ಹೀಗೆ ಹೇಳಲಿಕ್ಕೆ ಬರುವುದಿಲ್ಲ. ಸೆಟ್ಟು ತಗೊಂಡು ಬಾ" ಎಂದರು.