ಕೋಡಿ ಬಿದ್ದ ರಾತ್ರಿ ಹೇಳಿದ ನಾಟಕ

ಮಾರಿಕಣಿವೆ ಕಟ್ಟೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಅದರ ಹಿಂದಿನದು 1933ರದ್ದು, ಹಾಗಾಗಿ ಕೋಡಿ ಕಂಡ ಕಣ್ಣು ಊರಲ್ಲಿ ಉಳಿದಿರಲಿಲ್ಲ ಅಂತಲೇ ಹೇಳಬೇಕು. ಎಲ್ಲೆಲ್ಲಿದ್ದ ನೆಂಟರೂ ಹಿರಿಯೂರು ಬಸ್ಸು ಹತ್ತಿ ಬಂದಿಳಿದರು. ಭಾವನ ತೋಟದ ಮನೆಯಲ್ಲಿ ಅವತ್ತು ಚಾಪೆ ಸಾಲಲಿಲ್ಲ. ಸೊಳ್ಳೆಗೆಂದು ಅಂಗಳದಲ್ಲಿ ತೆಂಗಿನ ಮಟ್ಟೆ ಒಟ್ಟಿ ಬೆಂಕಿ ಹಾಕಿದೆವು. ಮಟ್ಟೆ ಹಸಿ, ಉರಿಗಿಂತ ಹೊಗೆಯೇ ಹೆಚ್ಚು.

ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಸೋದರಳಿಯ ಕೇಳಿದ: "ಮಾವ, ಈ ನೀರೆಲ್ಲ ಎಲ್ಲಿಗೆ ಹೋಗುತ್ತೆ?"

ವೇದಾವತಿ ಹಿರಿಯೂರು, ಚಳ್ಳಕೆರೆ ಸೀಮೆ ದಾಟಿ ಆಂಧ್ರಕ್ಕೆ ಹೋಗಿ, ಬಳ್ಳಾರಿ ಕಡೆ ಹಗರಿ ಅನ್ನಿಸಿಕೊಂಡು ತುಂಗಭದ್ರೆಗೆ ಸೇರುತ್ತೆ ಅಂದೆ. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ನಾನು ಲೆಕ್ಕದ ಮೇಷ್ಟ್ರು, ಬಾಯಿ ಸುಮ್ಮನಿರಲ್ಲ. "ಆ ತುಂಗಭದ್ರೆಗೆ ರೈಲು ಸೇತುವೆ ಕಟ್ಟಿದ ಇಂಜಿನಿಯರನ ಮೊಮ್ಮಗ ಯಾರು ಗೊತ್ತಾ? ನಿನ್ನ ಅನ್ನಕ್ಕೆ ದಾರಿ ಮಾಡಿದವನು, ಅಲನ್ ಟ್ಯೂರಿಂಗ್."

ಅವನು ನಂಬಲಿಲ್ಲ. ಮದ್ರಾಸ್ ರೈಲ್ವೆಯ ಮುಖ್ಯ ಇಂಜಿನಿಯರ್ ಎಡ್ವರ್ಡ್ ಸ್ಟೋನಿ, ಅವನ ಮಗಳು ಸಾರಾ, ಅವಳ ಗಂಡ ಜೂಲಿಯಸ್ ಟ್ಯೂರಿಂಗ್. ಈ ಜೂಲಿಯಸ್ ಬಳ್ಳಾರಿ, ಕರ್ನೂಲು ಜಿಲ್ಲೆಗಳಲ್ಲಿ ಅಸಿಸ್ಟೆಂಟ್ ಕಲೆಕ್ಟರ್ ಆಗಿ ಕುದುರೆ ಮೇಲೆ ತಿರುಗುತ್ತಿದ್ದದ್ದು ಹೆಚ್ಚು ಕಡಿಮೆ ನಮ್ಮ ಕಟ್ಟೆ ಏಳುತ್ತಿದ್ದ ಕಾಲದಲ್ಲೇ. ಮಗ ಹುಟ್ಟಿದ್ದು ಮಾತ್ರ ಲಂಡನ್ನಿನಲ್ಲಿ, 1912ರಲ್ಲಿ. ಕೂಸನ್ನು ಇಂಗ್ಲೆಂಡಿನಲ್ಲೇ ಯಾರದೋ ಮನೆಯಲ್ಲಿ ಬಿಟ್ಟು ಅಪ್ಪ ಅಮ್ಮ ಮತ್ತೆ ಇಲ್ಲಿಗೆ ಬಂದರು.

"ಅಯ್ಯೋ, ಕೂಸನ್ನ ಬಿಟ್ಟು ಬಂದಳಾ?" ಅಂದರು ಅತ್ತೆ. ಅಲ್ಲಿಂದ ಮುಂದೆ ಅವರು ಸಾರಾಳ ಕಡೆ ತಿರುಗಿ ಕೂಡ ನೋಡಲಿಲ್ಲ.

ಈ ಟ್ಯೂರಿಂಗ್ ಮೇಲೆ ಹ್ಯೂ ವೈಟ್‌ಮೋರ್ ಬರೆದ ನಾಟಕವೊಂದಿದೆ, 'ಬ್ರೇಕಿಂಗ್ ದ ಕೋಡ್'. 1986ರಲ್ಲಿ ಲಂಡನ್ನಿನಲ್ಲಿ ಆಡಿದಾಗ ಡೆರೆಕ್ ಜಾಕೋಬಿ ಟ್ಯೂರಿಂಗ್ ಆಗಿದ್ದ. ಆಮೇಲೆ ಅವನನ್ನೇ ಇಟ್ಟುಕೊಂಡು ಬಿಬಿಸಿ ಟಿವಿಗೂ ಮಾಡಿದರು. ನಾನು ನೋಡಿದ್ದು ಅದನ್ನು. ಮಾತು ತೊದಲುವ, ಉಗುರು ಕಚ್ಚುವ, ಲೆಕ್ಕದ ವಿಷಯ ಬಂದರೆ ಮಾತ್ರ ಹೊಳೆಯಂತೆ ಹರಿಯುವ ಮನುಷ್ಯ. ಕೃಷ್ಣನ ಪಾತ್ರಕ್ಕೆ ಕಿರೀಟ ಬೇಕು, ಇವನಿಗೆ ಒಂದು ಹಳೇ ಕೋಟು ಸಾಕು.

ನಾಟಕ ಎರಡನೇ ಮಹಾಯುದ್ಧದಿಂದ ಶುರುವಾಗಲ್ಲ, ಪೊಲೀಸಿನವನ ಮುಂದೆ ಶುರುವಾಗುತ್ತೆ ಅಂದ ತಕ್ಷಣ ದೊಡ್ಡಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ದೊಡ್ಡಪ್ಪ ರಿಟೈರ್ಡ್ ದಫೇದಾರ್.

"ಏನು ಕಂಪ್ಲೇಂಟು?"

"ಕಳ್ಳತನ. ಅಂಗಿ, ಪ್ಯಾಂಟು, ಬೂಟು, ಮೀನು ತಿನ್ನೋ ಚಾಕುಗಳು, ದಿಕ್ಸೂಚಿ, ಅರ್ಧ ಕುಡಿದಿಟ್ಟ ಶೆರಿ ಬಾಟಲಿ. ಎಲ್ಲಾ ಸೇರಿ ಐವತ್ತು ಪೌಂಡು."

"ಇಷ್ಟಕ್ಕೆ ಸ್ಟೇಷನ್ ಮೆಟ್ಟಿಲು ಹತ್ತಿದನಾ? ಯಾರು ಕದ್ದದ್ದು ಅಂತ ಗೊತ್ತಿತ್ತು ಅವನಿಗೆ. ಹೇಳೋಕೆ ಆಗಿಲ್ಲ."

ಸರಿಯಾಗಿಯೇ ಹಿಡಿದರು. ಕದ್ದವನು ಟ್ಯೂರಿಂಗ್ ಸ್ನೇಹ ಮಾಡಿದ್ದ ಹುಡುಗನ ಪರಿಚಯದವನು. ಆ ಸ್ನೇಹ ಎಂಥದ್ದು ಅಂತ ಹೇಳುವಂತಿಲ್ಲ, ಅದೇ ಅಪರಾಧ. ಹಾಗಾಗಿ ಒಂದು ಸುಳ್ಳು ಕಥೆ ಕಟ್ಟಿದ. ಪೊಲೀಸರು ಮತ್ತೆ ಮನೆಗೆ ಬಂದು ಕೆದಕಿದಾಗ ಗುಟ್ಟು ಇಡಲಿಲ್ಲ. ಕೂತು ಐದು ಪುಟ ಹೇಳಿಕೆ ಬರೆದುಕೊಟ್ಟ, ತಪ್ಪೊಪ್ಪಿಗೆಯ ಧಾಟಿಯಲ್ಲಲ್ಲ, ಇದರಲ್ಲಿ ತಪ್ಪೇನಿದೆ ಅನ್ನುವವನ ಹಾಗೆ. ಇದು 1952ರ ಮಾತು.

"ಐದು ಪುಟ! ನನ್ನ ಸರ್ವೀಸಿನಲ್ಲಿ ಅರ್ಧ ಪುಟ ಬರೆದವನಿಲ್ಲ," ಅಂದರು ದೊಡ್ಡಪ್ಪ.

ಈಗ ನೋಡಿ ತಮಾಷೆ. ಇದೇ ಮನುಷ್ಯ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಗುಟ್ಟು ಎಂಥದ್ದು? ಯುದ್ಧದಲ್ಲಿ ಜರ್ಮನಿಯವರ ಹತ್ತಿರ ಸಂದೇಶವನ್ನು ಗುಟ್ಟುಲಿಪಿಗೆ ತಿರುಗಿಸುವ ಎನಿಗ್ಮಾ ಅಂತ ಯಂತ್ರ. ಒಂದಕ್ಷರ ಒತ್ತಿದರೆ ಬೇರೊಂದು ಅಕ್ಷರದ ದೀಪ ಹತ್ತುತ್ತೆ, ಒತ್ತಿದ ಪ್ರತಿ ಸಲವೂ ಒಳಗಿನ ಚಕ್ರ ತಿರುಗಿ ಲೆಕ್ಕ ಬದಲಾಗುತ್ತೆ, ದಿನಕ್ಕೊಂದು ಜೋಡಣೆ. ಅದಕ್ಕೊಂದೇ ಖೋಡಿ: ಒತ್ತಿದ ಅಕ್ಷರ ಯಾವತ್ತೂ ಅದೇ ಅಕ್ಷರವಾಗಿ ಹೊರಗೆ ಬರಲಾರದು. ದಿನಾ ಬೆಳಿಗ್ಗೆ ಕಳಿಸುವ ಹವಾಮಾನ ವರದಿಯಲ್ಲಿ ಇಂಥ ಪದ ಇದ್ದೇ ಇರುತ್ತೆ ಅಂತ ಊಹಿಸಿ, ಅದು ಎಲ್ಲಿ ಕೂರಲಾರದು ಅಂತ ತೆಗೆದುಹಾಕುತ್ತ ಬಂದರೆ ದಾರಿ ಸಿಗುತ್ತೆ. ಇಂಗ್ಲೆಂಡಿನವರು ಈ ಗುಟ್ಟುಲಿಪಿ ಒಡೆಯುತ್ತಿದ್ದ ಬ್ಲೆಚ್ಲಿ ಪಾರ್ಕಿನಲ್ಲಿ ಟ್ಯೂರಿಂಗ್ ರೂಪಿಸಿದ 'ಬಾಂಬ್' ಎಂಬ ಯಂತ್ರ ಮಾಡಿದ್ದು ಈ ಕೆಲಸ. ಅಳಿಯನಿಗೆ ತೋರಿಸಲು ಮಟ್ಟೆಯ ಕರಿ ತುದಿಯಿಂದ ಜಗಲಿ ಮೇಲೆ ಅಕ್ಷರ ಬರೆದೆ. ಭಾವ ಬೈದರು, ಹಬ್ಬಕ್ಕೆ ಸುಣ್ಣ ಹೊಡೆಸಿದ್ದ ಜಗಲಿ.

ಅಟ್ಲಾಂಟಿಕ್ಕಿನಲ್ಲಿ ಎಷ್ಟೋ ಹಡಗು ಉಳಿದದ್ದು ಇದರಿಂದ. ಆದರೆ ಬ್ಲೆಚ್ಲಿಯಲ್ಲಿ ದುಡಿದ ಸಾವಿರಾರು ಜನ ಗಂಡ ಹೆಂಡತಿಗೂ ಬಾಯಿ ಬಿಡುವಂತಿರಲಿಲ್ಲ, 1970ರ ದಶಕದವರೆಗೂ. ಟ್ಯೂರಿಂಗ್ ಕೇಸು ನಡೆದಾಗ ಕೋರ್ಟಿನಲ್ಲಿ ಹಳೆಯ ಸಹೋದ್ಯೋಗಿ ಹ್ಯೂ ಅಲೆಕ್ಸಾಂಡರ್ ಬಂದು ಇವನು ದೇಶದ ಆಸ್ತಿ ಅಂದ. ಯಾಕೆ ಆಸ್ತಿ ಅಂತ ಬಿಡಿಸಿ ಹೇಳುವ ಹಾಗಿಲ್ಲ! ದೇಶದ ಗುಟ್ಟು ಕಾದವನು ತನ್ನದನ್ನು ಮಾತ್ರ ಕಾಯಲಿಲ್ಲ. ನನಗೆ ನಾಟಕದ ಜೀವ ಇರುವುದು ಇಲ್ಲೇ. ಯುದ್ಧದ ಭಾಗಕ್ಕೆ ಚಪ್ಪಾಳೆ ಹೊಡೆಯುವವರು ಹೊಡೆಯಲಿ.

ಕೋರ್ಟಿನವರು ಜೈಲೋ ಔಷಧವೋ ಅಂದರು, ಔಷಧ ಅಂದ. ಒಂದು ವರ್ಷ ಹೆಣ್ಣಿನ ಹಾರ್ಮೋನು. ಮ್ಯಾರಥಾನ್ ಓಡುತ್ತಿದ್ದ ಮೈಗೆ ಎದೆ ಬೆಳೆಯತೊಡಗಿತು. 1954ರ ಜೂನ್ 7ರಂದು ಸೈನೈಡ್‌ನಿಂದ ಸತ್ತ. ಮಂಚದ ಪಕ್ಕ ಕಚ್ಚಿದ ಸೇಬು ಇತ್ತು, ಅದನ್ನು ಪರೀಕ್ಷೆಗೂ ಕಳಿಸಲಿಲ್ಲ. 41 ವರ್ಷ.

ಸ್ವಲ್ಪ ಹೊತ್ತಿನ ಮೇಲೆ ಅಳಿಯನೇ ಹೇಳಿದ, ಫೋನು ನೋಡಿಕೊಂಡೇನಲ್ಲ: "2013ರ ಡಿಸೆಂಬರ್ 24ಕ್ಕೆ ರಾಣಿ ಕ್ಷಮೆ ಕೊಟ್ಟಳು. ಅದೇ ತಿಂಗಳು 11ಕ್ಕೆ ನಮ್ಮ ಸುಪ್ರೀಂ ಕೋರ್ಟು, ಇಂಥ ಸ್ನೇಹವನ್ನೇ ಅಪರಾಧ ಅನ್ನುವ 377ನೇ ಸೆಕ್ಷನ್ ಸರಿ ಅಂದಿತ್ತು. ಆ ಅಪರಾಧ ಹೋಗಿದ್ದು 2018ರಲ್ಲಿ, ಸೆಪ್ಟೆಂಬರ್ 6." ತಾರೀಖು ಸಮೇತ ನೆನಪಿಟ್ಟಿದ್ದಾನಲ್ಲ ಅಂತ ನನಗೆ ಅನ್ನಿಸಿತು. ಕೇಳಲಿಲ್ಲ.

"ಆ ಸೆಕ್ಷನ್ನು ನಾವು ಹಾಕಿದ್ದು ಕಮ್ಮಿ ಕಣಪ್ಪ," ಅಂದರು ದೊಡ್ಡಪ್ಪ, ಮಟ್ಟೆ ಕೆದಕುತ್ತ. "ತೋರಿಸಿ ಹೆದರಿಸಿದ್ದು ಜಾಸ್ತಿ." ಎಲ್ಲಿ, ಯಾರನ್ನು ಅಂತ ಹೇಳಲಿಲ್ಲ. ಅತ್ತೆ ಒಮ್ಮೆ ಅವರ ಮುಖ ನೋಡಿದರು.

ಕನ್ನಡದಲ್ಲಿ ಇಂಥದ್ದು ಆಡಿದ್ದಾರಾ ಅಂತ ಭಾವ ಕೇಳಿದರು. ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿ ಕನ್ನಡಕ್ಕೆ ತಂದ 'ಬದುಕು ಬಯಲು' ಇದೆಯಲ್ಲ, ಹೆಗ್ಗೋಡಿನ ಜನಮನದಾಟದವರು ಅದನ್ನು ಊರೂರಲ್ಲಿ ಆಡಿದರು, ಎಂ. ಗಣೇಶ್ ನಿರ್ದೇಶನ ಅಂದೆ. ಹಿಜ್ರಾ ಆಗಿ ಬದುಕಿದವರ ಸ್ವಂತ ಕಥೆ ರಂಗದ ಮೇಲೆ. ಟ್ಯೂರಿಂಗ್ ನಾಟಕ ಕನ್ನಡಕ್ಕೆ ಬರಬೇಕಾದರೆ ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ಚೆನ್ನಾಗಿರುತ್ತೆ ಅಂತ ನನ್ನಾಸೆ. ಅಲ್ಲಿ ನವೆಂಬರ್ ಚಳಿಗೆ ಕಂಬಳಿ ಹೊದ್ದು ಹೊಸದುರ್ಗ, ಹೊಳಲ್ಕೆರೆ ಜನ ಏನೇನೋ ನಾಟಕ ನೋಡಿದ್ದಾರೆ, ಇದನ್ನೂ ನೋಡಿಯಾರು.

"ಅಲ್ಲಿವರೆಗೂ ಯಾಕೆ, ನಮ್ಮ ಜಾತ್ರೆಗೆ ಆಡೋಣ," ಅಂದರು ದೊಡ್ಡಪ್ಪ. "ಪೊಲೀಸ್ ಪಾರ್ಟು ನನ್ನದು. ಆದರೆ ಒಂದೆರಡು ಹಾಡು ಇರಲಿ, ಹಾಡಿಲ್ಲದಿದ್ದರೆ ಹಾರ್ಮೋನಿಯಂ ಮೇಷ್ಟ್ರು ಏನು ಮಾಡಬೇಕು?"

ನಕ್ಕೆವು. ಟ್ಯೂರಿಂಗ್ ಯಾರು ಅಂತ ಮಾತು ಬಂತು. ನನ್ನ ಹೊಟ್ಟೆ ನೋಡಿ ನನ್ನನ್ನು ಆಗಲೇ ಕೈಬಿಟ್ಟಿದ್ದರು.

"ನಾನು ಮಾಡ್ತೀನಿ," ಅಂದ ಅಳಿಯ.

ದೊಡ್ಡಪ್ಪ ಅವನನ್ನು ತುಸು ಹೊತ್ತು ನೋಡಿದರು. ಆಮೇಲೆ ಕುರ್ಚಿ ಅವನ ಎದುರಿಗೆ ತಿರುಗಿಸಿಕೊಂಡು, "ಸರಿ, ಹೇಳಪ್ಪ," ಅಂದರು. "ಐದು ಪುಟವೂ ಹೇಳು. ನಾನು ಮಧ್ಯೆ ಬಾಯಿ ಹಾಕಲ್ಲ."