ಒಂದು ಕಂಠ, ಹಲವರ ಉಸಿರು

ಒಪೆರಾ ಗಾಯಕಿಯ ದೊಡ್ಡತನವೆಲ್ಲ ಆಕೆಯ ಗಂಟಲಿನದೇ ಎನ್ನುವವರು ಜೋನ್ ಸದರ್ಲೆಂಡ್ ಅವರ ವೃತ್ತಿಬದುಕನ್ನೊಮ್ಮೆ ನೋಡಬೇಕು. ಸಿಡ್ನಿಯಿಂದ ಬಂದು 1952ರಲ್ಲಿ ಲಂಡನ್ನಿನ ಕವೆಂಟ್ ಗಾರ್ಡನ್ ಒಪೆರಾ ಮಂದಿರ ಸೇರಿದಾಗ ಅವರಿಗೆ ಸಿಕ್ಕಿದ್ದು ಚಿಕ್ಕಪುಟ್ಟ ಪಾತ್ರಗಳು. ‘ನೋರ್ಮಾ’ ಒಪೆರಾದಲ್ಲಿ ಮರಿಯಾ ಕಲ್ಲಾಸ್ ನಾಯಕಿಯಾದಾಗ ಇವರು ಸಖಿ ಕ್ಲೋತಿಲ್ದೆ. ವಾಗ್ನರ್‌ನ ಭಾರದ ಪಾತ್ರಗಳೇ ತಮಗೆ ತಕ್ಕವೆಂದುಕೊಂಡಿದ್ದರು. ಆ ಕಂಠ ಇನ್ನೂ ಮೇಲೇರಬಲ್ಲದೆಂದು ಕಂಡುಕೊಂಡವರು ಪಿಯಾನೋ ನುಡಿಸುತ್ತಿದ್ದ ಪತಿ ರಿಚರ್ಡ್ ಬಾನಿಂಗ್. ಅಭ್ಯಾಸದಲ್ಲಿ ಹೇಳದೆಯೇ ಶ್ರುತಿ ಏರಿಸುತ್ತಿದ್ದರು; ಆಕೆ ಅರಿವಿಲ್ಲದೆಯೇ ತಾರಸ್ಥಾಯಿಯಲ್ಲಿ ಸಲೀಸಾಗಿ ಹಾಡುತ್ತಿದ್ದರು. 1959ರ ‘ಲೂಚಿಯಾ’ ಒಪೆರಾ ಅವರನ್ನು ಜಗತ್ತಿಗೆ ಪರಿಚಯಿಸಿತು.

ಟಿಕೆಟ್ ಮಾರುವುದು ನಾಯಕಿಯ ಹೆಸರಲ್ಲವೇ ಎನ್ನಬಹುದು. ನಿಜ, ಆದರೆ ಸಭೆಯನ್ನು ಹಿಡಿದಿಡಲು ಹೆಸರು ಸಾಲದು. ‘ನೋರ್ಮಾ’ದಲ್ಲಿ ಮೆರಿಲಿನ್ ಹಾರ್ನ್ ಜೊತೆಗಿನ ಯುಗಳ ಕೇಳಿ: ಎರಡು ದನಿಗಳು ಗಾಂಧಾರದ ಅಂತರ ಕಾಯ್ದುಕೊಂಡು ಒಟ್ಟಿಗೇ ಇಳಿಯುತ್ತವೆ, ಒಬ್ಬರು ಚೂರು ಮೊದಲು ಉಸಿರೆಳೆದರೂ ಕೆಟ್ಟಿತು. ಇಂಥ ಸಾಂಗತ್ಯ ಕಲಿಕೆಯೂ ಹೌದು. 1965ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಎಳೆಯ ಗಾಯಕ ಪವರೊಟ್ಟಿ ಸದರ್ಲೆಂಡ್ ಅವರ ಹೊಟ್ಟೆಯ ಮೇಲೆ ಕೈಯಿಟ್ಟೇ ಉಸಿರು ಹಿಡಿಯುವ ಬಗೆ ತಿಳಿದರು. ಬಾನಿಂಗ್ ಮುಂದೆ ಆಕೆಯ ಕಂಡಕ್ಟರೂ ಆದರು. ಹೀಗೆ ಗಂಡನೇ ಕಂಡಕ್ಟರ್ ಆಗಿಬಿಟ್ಟರೆ ಗಾಯಕಿ ಒಂದೇ ಚೌಕಟ್ಟಿಗೆ ಸಿಲುಕುವುದಿಲ್ಲವೇ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಬೇರೆಯವರ ಕೈಕೆಳಗೆ ಇನ್ನಷ್ಟು ಹಾಡಬೇಕಿತ್ತೆಂದು ನನಗೂ ಅನ್ನಿಸುತ್ತದೆ. ಆದರೂ ಅರವತ್ತು ದಾಟಿ, 1990ರವರೆಗೆ ಆ ಕಂಠ ವೇದಿಕೆಯಲ್ಲಿ ಬಾಳಿದ್ದರಲ್ಲಿ, ಅದರ ಮಿತಿ ಬಲ್ಲವರೊಬ್ಬರು ಸದಾ ಎದುರಿಗಿದ್ದುದರ ಪಾಲು ದೊಡ್ಡದೆಂದೇ ನನ್ನ ನಂಬಿಕೆ.